ಫಿಲ್ಟರ್ ಜೋರಾಗೇ ಇತ್ತು, ಮೂಲೆಗೆ ಮಾತ್ರ ನೀರು ಹೋಗ್ತಿರ್ಲಿಲ್ಲ

ನೀರೊಳಗೆ ಗಿಡ ಬೆಳೆಸೋ ನನ್ನ ಮೀನಿನ ಟ್ಯಾಂಕ್ 60 ಸೆಂಟಿಮೀಟರ್ ಉದ್ದ, 30 ಅಗಲ, 35 ಎತ್ತರ, ಮಣ್ಣು ಕಲ್ಲು ಮರದ ತುಂಡು ಎಲ್ಲ ಕಳೆದ್ರೆ ನೀರು ಒಂದು 55 ಲೀಟರ್ ಇರುತ್ತೆ. ಡಬ್ಬದ ಮೇಲೆ ಗಂಟೆಗೆ 600 ಲೀಟರ್ ಅಂತ ಬರೆದಿದ್ದ ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗೆ ಕೂತು, ಪೈಪಲ್ಲಿ ನೀರು ಎಳೆದು ಸೋಸಿ ವಾಪಸ್ ಬಿಡೋದು) ಹಾಕಿದ್ದೆ, ರಭಸದ ನೀರು ಆಗದ ಬೆಟ್ಟಾ ಮೀನು ಇದೆ ಅಂತ ವಾಲ್ವ್ ಅರ್ಧ ಮುಚ್ಚಿಟ್ಟಿದ್ದೆ. ಬಲಗಡೆ ಹಿಂದಿನ ಮೂಲೇಲಿ, ಮರದ ಮರೆಯಲ್ಲಿದ್ದ ಕ್ರಿಪ್ಟೊಕೊರೈನ್ ಗಿಡದ ಎಲೆಗಳ ಮೇಲೆ ಯಾವಾಗ್ ನೋಡಿದ್ರೂ ಕಸ ಕೂತಿರೋದು, ಆಮೇಲೆ ಎಲೆ ಅಂಚಲ್ಲಿ ಬ್ರಷ್ ಕೂದಲಿನ ಥರ ಕಪ್ಪು ಪಾಚಿ ಬಂತು.

ಗಿಡಕ್ಕೆ ಅಂತ ನೀರಿಗೆ ಬಿಡೋ ಸಿಓಟು (ಕಾರ್ಬನ್ ಡೈಆಕ್ಸೈಡ್) ಕಮ್ಮಿ ಆಗಿದೆ ಅಂದ್ಕೊಂಡು ಜಾಸ್ತಿ ಬಿಟ್ಟೆ. ಎರಡೇ ದಿನಕ್ಕೆ ರಾಸ್ಬೋರಾ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡೋಕೆ ಶುರು ಮಾಡಿದ್ವು, ಗಾಬರಿಯಾಗಿ ಸಿಓಟು ನಿಲ್ಲಿಸಿ, ಫಿಲ್ಟರಿಂದ ನೀರು ವಾಪಸ್ ಬರೋ ಔಟ್‌ಲೆಟ್ ಮೇಲಕ್ಕೆತ್ತಿ ನೀರು ಚೆನ್ನಾಗಿ ಕಲಕೋ ಹಾಗೆ ಮಾಡಿದ ಮೇಲೆ ಸರಿಹೋದ್ವು. ನೀರಲ್ಲಿ ಸಿಓಟು ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸೋ ಡ್ರಾಪ್ ಚೆಕರ್ (ಹಳದಿ ಅಂದ್ರೆ ಜಾಸ್ತಿ, ಹಸಿರು ಸರಿ, ನೀಲಿ ಕಮ್ಮಿ) ಇದ್ದಿದ್ದು ಔಟ್‌ಲೆಟ್ ಹತ್ರ, ಅವತ್ತು ಬಣ್ಣ ಹಳದಿಗೆ ತಿರುಗಿತ್ತು. ಮುಂದಿನ ವಾರ ಸಿಓಟು ಮೊದಲಿನಷ್ಟಕ್ಕೇ ಇಟ್ಟಾಗ ಅಲ್ಲಿ ಹಸಿರು ತೋರಿಸ್ತು, ಅದನ್ನೇ ಕಿತ್ತು ಆ ಬಲಗಡೆ ಮೂಲೆಗೆ ಅಂಟಿಸಿ ಎರಡು ಗಂಟೆ ಬಿಟ್ಟು ನೋಡಿದ್ರೆ ನೀಲಿ. ಒಂದೇ ಟ್ಯಾಂಕು, ಒಂದೇ ನೀರು, ಆದ್ರೂ ಆ ಮೂಲೆ ಗಿಡಕ್ಕೆ ಸಿಓಟು ತಲುಪ್ತಾನೇ ಇರ್ಲಿಲ್ಲ.

ಗಾಳಿಗೆ ಹೋಲಿಸಿದ್ರೆ ನೀರಲ್ಲಿ ಸಿಓಟು ತಾನಾಗೇ ಹರಡೋದು ಸುಮಾರು 10,000 ಪಟ್ಟು ನಿಧಾನ. ಅದರ ಮೇಲೆ ಪ್ರತಿ ಎಲೆಯ ಮೈಗೂ ಅಲುಗಾಡದ ಒಂದು ತೆಳು ನೀರಿನ ಪದರ ಅಂಟ್ಕೊಂಡಿರುತ್ತೆ, ಪಕ್ಕದಲ್ಲಿ ನೀರು ಹರೀತಿದ್ರೆ ಆ ಪದರ ಇನ್ನೂ ತೆಳ್ಳಗಾಗಿ ಗಿಡಕ್ಕೆ ಸಿಓಟು, ಗೊಬ್ಬರ ಎರಡೂ ಬೇಗ ಸಿಗುತ್ತೆ, ನೀರು ನಿಂತಲ್ಲಿ ಎಲೆ ಹಸಿದೇ ಇರುತ್ತೆ.

ಸರಿ ಅಂತ ವಾಲ್ವ್ ಪೂರ್ತಿ ತೆಗೆದೆ. ಅದೂ ತಪ್ಪಾಯ್ತು. ಒಂದೇ ಬಾಯಿಯ ಪೈಪಿಂದ ನೀರು ನೆಟ್ಟಗೆ ಚಿಮ್ಮಿ ಮುಂದಿನ ಮರಳಲ್ಲಿ ಗುಂಡಿ ಬಿತ್ತು, ರೊಟಾಲಾ ಗಿಡ ಎಲ್ಲ ಒಂದೇ ಕಡೆ ವಾಲ್ಕೊಂಡ್ತು, ಬೆಟ್ಟಾ ಹೀಟರ್ ಹಿಂದೆ ಸೇರ್ಕೊಂಡು ಊಟಕ್ಕೂ ಹೊರಗೆ ಬರ್ತಿರ್ಲಿಲ್ಲ. ಆ ಮೂಲೆ ಮಾತ್ರ ಹಾಗೇ ಇತ್ತು!

ಆಗ ನಿಜವಾಗ್ಲೂ ಎಷ್ಟು ನೀರು ಬರ್ತಿದೆ ಅಂತ ಅಳೆದು ನೋಡಿದೆ. ಔಟ್‌ಲೆಟ್ ಪೈಪನ್ನ ಟ್ಯಾಂಕಿನ ನೀರಿನ ಮಟ್ಟದಲ್ಲೇ ಹಿಡಿದು (ಕೆಳಗಿಳಿಸಿದ್ರೆ ನೀರು ಜಾಸ್ತಿ ಬಂದು ಲೆಕ್ಕ ತಪ್ಪುತ್ತೆ) ಬಕೆಟ್‌ಗೆ ಬಿಟ್ಟೆ, 5 ಲೀಟರ್ ತುಂಬೋಕೆ 52 ಸೆಕೆಂಡ್, ಅಂದ್ರೆ ಗಂಟೆಗೆ 346 ಲೀಟರ್. ಡಬ್ಬದ ಮೇಲಿನ ಲೆಕ್ಕ ಸಾಮಾನ್ಯವಾಗಿ ಒಳಗೆ ಸ್ಪಾಂಜು, ಮೀಡಿಯಾ (ನೀರು ಸೋಸೋ ವಸ್ತು) ಏನೂ ಇಲ್ಲದೆ ಹೇಳೋದು. ಆದ್ರೂ ಗಂಟೆಗೆ ಆರು ಸಲ ಇಡೀ ಟ್ಯಾಂಕಿನ ನೀರು ತಿರುಗಿದಂಗಾಯ್ತು, ಗಿಡದ ಟ್ಯಾಂಕಿಗೆ ಅಷ್ಟು ಸಾಕು. ಕೊರತೆ ಇದ್ದಿದ್ದು ನೀರು ಹೋಗೋ ದಾರೀಲಿ.

ಔಟ್‌ಲೆಟ್ ಬಿಚ್ಚಿ ಎಡಗಡೆ ಗಾಜಿಗೆ ಸ್ಪ್ರೇ ಬಾರ್ (ಸಾಲಾಗಿ ತೂತಿರೋ ಪೈಪ್) ಹಾಕಿದೆ, ಫಿಲ್ಟರಿಗೆ ನೀರು ಎಳೆಯೋ ಇನ್‌ಟೇಕ್ ಕೂಡ ಅದೇ ಕಡೆ ಇಟ್ಟೆ. ನೀರು ಮೇಲ್ಗಡೆಯಿಂದ ಬಲಗಡೆ ಗಾಜಿಗೆ ಹೋಗಿ, ಕೆಳಗಿಳಿದು, ತಳದಲ್ಲಿ ವಾಪಸ್ ಬಂದು ಇನ್‌ಟೇಕ್ ಸೇರುತ್ತೆ, ಒಂದು ಪೂರ್ತಿ ಸುತ್ತು. ಸ್ಪ್ರೇ ಬಾರಿನ ತೂತುಗಳು 3 ಮಿಲಿಮೀಟರ್ ಇದ್ವು, ಡ್ರಿಲ್ ಹಾಕಿ 4 ಮಾಡಿದೆ. ಒಂದೇ ಮಿಲಿಮೀಟರ್ ಅನ್ನಬೇಡಿ, ತೂತಿನ ಜಾಗ ಹತ್ರಹತ್ರ 1.8 ಪಟ್ಟು ಆಗುತ್ತೆ, ಬರೋ ನೀರು ಹೆಚ್ಚುಕಮ್ಮಿ ಅಷ್ಟೇ ಆದ್ರೂ ರಭಸ ಇಳಿಯುತ್ತೆ, ಬೆಟ್ಟಾ ಮತ್ತೆ ಮುಂದೆ ಬಂದು ಓಡಾಡಿದ್ದು ಇದಾದ ಮೇಲೇನೇ. ತೂತುಗಳನ್ನ ಸ್ವಲ್ಪ ಮೇಲ್ಮುಖ ಮಾಡಿದ್ದೀನಿ, ಮೇಲೆ ಸಣ್ಣ ಅಲೆ ಬರ್ಬೇಕು ಆದ್ರೆ ನೀರು ಒಡೆದು ಚಿಲುಚಿಲು ಸದ್ದು ಬರಬಾರದು, ಒಡೆದ್ರೆ ಸಿಓಟು ಹಾರಿಹೋಗುತ್ತೆ, ಅಲೆನೇ ಇಲ್ಲ ಅಂದ್ರೆ ಮೇಲೆ ಎಣ್ಣೆ ಥರ ಪೊರೆ ಕಟ್ಟುತ್ತೆ, ರಾತ್ರಿ ಮೀನಿಗೆ ಆಕ್ಸಿಜನ್ ಸಾಲಲ್ಲ.

ಮೀನಿನ ಊಟ ನುಣ್ಣಗೆ ಪುಡಿ ಮಾಡಿ ನೀರಲ್ಲಿ ಕಲಸಿ ಡ್ರಾಪರಿಂದ ಸ್ಪ್ರೇ ಬಾರ್ ಮುಂದೆ ಬಿಟ್ಟು, ರೂಮಿನ ಲೈಟ್ ಆರಿಸಿ ಪಕ್ಕದಿಂದ ಟಾರ್ಚ್ ಹಿಡಿದೆ. ಪುಡಿ ಹೋಗೋ ದಾರಿ ಕಣ್ಣಿಗೆ ಕಾಣುತ್ತೆ, ಎಲ್ಲಿ ಸುಮ್ನೆ ಕೂತ್ಕೊಳ್ಳುತ್ತೋ ಅಲ್ಲೇ ನೀರು ನಿಂತಿದೆ ಅಂತ. ಮರದ ತುಂಡನ್ನ ಹಿಂದಿನ ಗಾಜಿಂದ 5 ಸೆಂಟಿಮೀಟರ್ ಮುಂದಕ್ಕೆ ಎಳೆದು, ಅದರ ಪಕ್ಕದ ಹೈಗ್ರೊಫಿಲಾ ಪೊದೆ ತೆಳು ಮಾಡಿದ ಮೇಲೆ ಆ ಮೂಲೆಯ ಎಲೆಗಳು ಮೊದಲನೇ ಸಲ ಮೆಲ್ಲಗೆ ತೂಗಾಡಿದ್ವು. ಅದನ್ನ ನೋಡ್ತಾ ಎಷ್ಟೊತ್ತು ಕೂತಿದ್ನೋ, ಅಷ್ಟು ಖುಷಿಯಾಗಿತ್ತು.

ಎರಡು ತಿಂಗಳಾದ ಮೇಲೆ ಮತ್ತೆ ಹಾಗೇ ಅಳೆದ್ರೆ ಅದೇ 5 ಲೀಟರಿಗೆ 85 ಸೆಕೆಂಡ್. ಇನ್‌ಟೇಕ್ ಸ್ಪಾಂಜಲ್ಲಿ ಎಲೆ ಚೂರು, ಪೈಪ್ ಒಳಗೆ ಲೋಳೆ. ಈಗ ಇನ್‌ಟೇಕ್ ಸ್ಪಾಂಜನ್ನ ವಾರಕ್ಕೊಂದ್ಸಲ ಹಿಂಡ್ತೀನಿ, ಎರಡು ತಿಂಗಳಿಗೊಮ್ಮೆ ಪೈಪಿಗೆ ಉದ್ದ ಬ್ರಷ್ ಹಾಕ್ತೀನಿ, ಒಳಗಿನ ಮೀಡಿಯಾನ ಟ್ಯಾಂಕಿಂದ ತೆಗೆದ ನೀರಲ್ಲೇ ಅದ್ದಿ ತೆಗೀತೀನಿ, ಕ್ಲೋರಿನ್ ಇರೋ ನಲ್ಲಿ ನೀರು ಬಿದ್ರೆ ನೀರು ಶುದ್ಧ ಮಾಡೋ ಬ್ಯಾಕ್ಟೀರಿಯಾ ಸಾಯುತ್ತೆ. ಫ್ಲೋ ಕಮ್ಮಿ ಮಾಡ್ಬೇಕು ಅಂದ್ರೆ ಔಟ್‌ಲೆಟ್ ಕಡೆ ವಾಲ್ವ್ ಮಾತ್ರ ಮುಚ್ಚಿ, ಇನ್‌ಟೇಕ್ ಕಡೆ ಮುಚ್ಚಿದ್ರೆ ಪಂಪಿಗೆ ನೀರು ಸಾಲದೆ ಗಾಳಿ ಎಳೆದು ಸದ್ದು ಮಾಡುತ್ತೆ.

ಕಪ್ಪು ಪಾಚಿ ಹಿಡಿದಿದ್ದ ಹಳೇ ಎಲೆಗಳು ಚೊಕ್ಕ ಆಗ್ಲಿಲ್ಲ, ಬುಡದಲ್ಲೇ ಕತ್ತರಿಸಿದೆ. ಆಮೇಲೆ ಅಲ್ಲಿ ಬಂದಿರೋ ಒಂಬತ್ತು ಎಲೆಯಲ್ಲಿ ಒಂದಕ್ಕೂ ಪಾಚಿ ಇಲ್ಲ. ಹೈಗ್ರೊಫಿಲಾ ಮತ್ತೆ ದಟ್ಟ ಆಗ್ತಿದೆ, ಈ ಭಾನುವಾರ ಕತ್ತರಿ ಹಾಕ್ಬೇಕು.