ಹಲೋ ಗರ್ಲ್ಸ್‌ಗಾಗಿ ನಾನು ತಿರುಗಿಸಿದ ನಂಬರುಗಳು

ನಮ್ಮಮ್ಮ ಮೈಸೂರಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲ ಅದು. ಹಾಗಾಗಿ ಅಮೆರಿಕಕ್ಕೆ ಬಂದ ಮೇಲೆ ‘ಹಲೋ ಗರ್ಲ್ಸ್’, ಅಂದರೆ ಇಲ್ಲಿನ ಸೈನ್ಯಕ್ಕಾಗಿ ಫ್ರಾನ್ಸಿನಲ್ಲಿ ದುಡಿದ ಟೆಲಿಫೋನ್ ಆಪರೇಟರುಗಳ ವಿಷಯ ತಿಳಿದಾಗ ನನಗೆ ಸುಮ್ನೆ ಕೂರಲು ಆಗಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿದ್ದ ಅಮೆರಿಕನ್ ಸೇನೆಯ ಮುಖ್ಯಸ್ಥ ಜನರಲ್ ಪರ್ಶಿಂಗ್, ಫ್ರೆಂಚ್ ಬರುವ ಹೆಣ್ಣುಮಕ್ಕಳನ್ನು ಟೆಲಿಫೋನ್ ಸ್ವಿಚ್‌ಬೋರ್ಡಿಗೆ ಕಳಿಸಿ ಎಂದು ಕೇಳಿದರು. 223 ಜನ ಹಡಗು ಹತ್ತಿದರು. ಸೈನಿಕರು ಒಂದು ಕಾಲ್ ಜೋಡಿಸಲು ಒಂದು ನಿಮಿಷ ಹಿಡಿಯುತ್ತಿದ್ದರೆ ಇವರಿಗೆ 10 ಸೆಕೆಂಡ್ ಸಾಕಾಗುತ್ತಿತ್ತು. 1918ರಲ್ಲಿ ಫ್ರಾನ್ಸಿನ ವರ್ದೂನ್ ಹತ್ತಿರ ಬ್ಯಾರಕ್ಕಿಗೆ ಬೆಂಕಿ ಬಿದ್ದಾಗಲೂ ಗ್ರೇಸ್ ಬ್ಯಾಂಕರ್ ತಂಡದವರು ಬೋರ್ಡ್ ಬಿಟ್ಟು ಏಳಲಿಲ್ಲ. ಮೇಲಿನವರು ಗದರಿಸಿಯೇ ಎಬ್ಬಿಸಬೇಕಾಯಿತು.

ಇಷ್ಟಾಗಿ ಊರಿಗೆ ಬಂದರೆ, “ನೀವು ಸೈನಿಕರಲ್ಲ, ಸಿವಿಲಿಯನ್ನರು” ಅಂದುಬಿಟ್ಟರು ಸೈನ್ಯದವರು. ಈ ಹೆಣ್ಣುಮಕ್ಕಳು ಪ್ರಮಾಣವಚನ ತಗೊಂಡಿದ್ದರು, ಸ್ವಂತ ದುಡ್ಡಲ್ಲಿ ಯೂನಿಫಾರ್ಮ್ ಹೊಲಿಸಿಕೊಂಡಿದ್ದರು. ಅವರಲ್ಲೇ ಒಬ್ಬರಾದ ಮರ್ಲ್ ಈಗನ್ ಆಂಡರ್ಸನ್ ಎಂಬಾಕೆ ಸುಮಾರು ಅರವತ್ತು ವರ್ಷ ಬಡಿದಾಡಿದ ಮೇಲೆ, 1977ರ ಕಾನೂನಿನಿಂದ ಎಲ್ಲರೂ ಮಾಜಿ ಸೈನಿಕರು ಅನ್ನಿಸಿಕೊಂಡರು. ಅಷ್ಟರಲ್ಲಿ ಹೆಚ್ಚಿನವರು ತೀರಿಕೊಂಡಿದ್ದರು.

ನಾನು ಕೈಹಾಕಿದ್ದು ಇವರಿಗೆ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಚಿನ್ನದ ಪದಕ ಕೊಡುವ ಮಸೂದೆಗೆ. ನನ್ನದು ಅಳಿಲು ಸೇವೆ, ಬರೀ ಸಂಸತ್ ಸದಸ್ಯರ ಆಫೀಸುಗಳಿಗೆ ಫೋನ್ ಮಾಡುವ ಕೆಲಸ. ಇಂಥ ಮಸೂದೆ ಮುಂದೆ ಹೋಗಬೇಕಾದರೆ ಕೆಳಮನೆಯಲ್ಲಿ 290, ಮೇಲ್ಮನೆಯಾದ ಸೆನೆಟ್ಟಿನಲ್ಲಿ 67 ಸದಸ್ಯರು ಬೆಂಬಲಿಸಿ ಸಹಿ ಹಾಕಬೇಕು. ಫೋನ್ ಎತ್ತಿದವರು ಮೊದಲು ಕೇಳುವುದು ಜಿಪ್ ಕೋಡ್, ನಮ್ಮ ಪಿನ್ ಕೋಡ್ ಥರದ್ದು. ಅವರ ಕ್ಷೇತ್ರದ್ದಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಇದು ಗೊತ್ತಾದ ಮೇಲೆ ಯುಗಾದಿ ಊಟದ ಸಾಲಿನಲ್ಲಿ, ಒಬ್ಬಟ್ಟಿಗೆ ಕಾಯುತ್ತಿದ್ದ ಕನ್ನಡ ಕೂಟದವರನ್ನು ಹಿಡಿದೆ. “ಅಕ್ಕಪಕ್ಕದ ರಾಜ್ಯದಲ್ಲಿರೋ ನಿಮ್ಮ ನೆಂಟರು ಯಾರಾದ್ರೂ ಫೋನ್ ಮಾಡ್ತಾರಾ?” ಒಂಬತ್ತು ಜನ ಮಾಡಿದರು.

ಹೇಳುವುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಮೊದಲು ಮಸೂದೆಯ ನಂಬರ್, ಆಮೇಲೆ ಬೆಂಕಿಯ ಕಥೆ, ಕೊನೆಗೆ “ಸಹಿ ಹಾಕ್ತಾರಾ?” ಒಂದು ನಿಮಿಷ ದಾಟಿದರೆ ಆ ಕಡೆಯವರು ಕೇಳಿಸಿಕೊಳ್ಳುವುದಿಲ್ಲ. ಒಂದು ಆಫೀಸಿನ ಹುಡುಗ, “ಅವರೆಲ್ಲ ಸತ್ತಿದ್ದಾರಲ್ವಾ, ಅವಸರ ಏನಿದೆ?” ಅಂದ. ಕೋಪ ನುಂಗಿಕೊಂಡು, ಮುಂದಿನ ವಾರ ಮತ್ತೆ ಅವನಿಗೇ ಫೋನ್ ಮಾಡಿದೆ. ಪದಕ ಬೇಡ ಅಂದವರು ಒಬ್ಬರೂ ಸಿಗಲಿಲ್ಲ. “ನೋಡೋಣ” ಅನ್ನುವವರೇ ಜಾಸ್ತಿ.

ಅವಸರ ಖಂಡಿತ ಇತ್ತು. ಎರಡು ವರ್ಷಕ್ಕೆ ಕಾಂಗ್ರೆಸ್ಸಿನ ಅವಧಿ ಮುಗಿದರೆ ಮಸೂದೆಯೂ ಸತ್ತಂತೆ, ಸಹಿಗಳ ಎಣಿಕೆ ಮತ್ತೆ ಸೊನ್ನೆಯಿಂದ. 2018ರಲ್ಲಿ ಮೊದಲು ಬಂದ ಮಸೂದೆಗೆ ಹಾಗೇ ಆಯಿತು. ಮತ್ತೆ ಮಂಡಿಸಿದ ಮೇಲೆ, ಕೊನೆಗೆ ಪದಕದ ಮಸೂದೆ ಪಾಸಾದದ್ದು ರಕ್ಷಣಾ ಇಲಾಖೆಯ ವಾರ್ಷಿಕ ಮಸೂದೆಯ ಹೊಟ್ಟೆಯೊಳಗೆ ಸೇರಿಕೊಂಡು. 2024ರ ಡಿಸೆಂಬರ್ 23ರಂದು ಆಗಿನ ಅಧ್ಯಕ್ಷ ಬೈಡನ್ ಸಹಿ ಹಾಕಿದರು.

ಆ ರಾತ್ರಿ ಅಮ್ಮನಿಗೆ ವಾಟ್ಸ್ಯಾಪ್ ಕಾಲ್ ಮಾಡಿ ಎಲ್ಲ ಹೇಳಿದೆ. ಪದಕದ ಬಗ್ಗೆ ಏನೂ ಕೇಳಲಿಲ್ಲ. “ಹತ್ತು ಸೆಕೆಂಡಾ? ಅದೂ ಎರಡು ಭಾಷೇಲಿ ಮಾತಾಡ್ಕೊಂಡಾ?” ಅಂದರು.