ಪೇರಲೆ ಮರದ ಬಿಳಿ ಹುಳಕ್ಕೆ ಔಷಧಿ ಹೊಡೆಯುವ ಮುಂಚೆ

ಸಾಗರ ಪೇಟೆಯ ಹತ್ತಿರ ನಮ್ಮ ಮನೆ. ಹಿತ್ತಲಲ್ಲಿ ಎರಡು ಪೇರಲೆ, ಒಂದು ನಿಂಬೆ. ಏಪ್ರಿಲ್‌ನಲ್ಲಿ ಪೇರಲೆಯ ಎಳೆ ಕುಡಿಗಳೆಲ್ಲ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬೆಳ್ಳಗಾದವು. ಗಿಡದ ರಸ ಹೀರುವ ಹಿಟ್ಟು ತಿಗಣೆ ಅಂತ ಗೊತ್ತಾಯ್ತು. ಆದರೆ ಅದರ ನಡುವೆ ಇನ್ನೊಂದು ಹುಳ ಇತ್ತು, ಅದೂ ಬಿಳಿ, ಎರಡು ಮೂರು ಪಟ್ಟು ದೊಡ್ಡದು, ಮೈತುಂಬ ದೀಪದ ಬತ್ತಿಯ ಹಾಗೆ ಮೇಣದ ಎಳೆಗಳು. ಇದು ತಿಗಣೆಯ ತಾಯಿ ಇರಬೇಕು ಅಂದುಕೊಂಡೆ. ಪೇಟೆಯ ಅಂಗಡಿಯವರು ಫೋಟೊ ಸರಿಯಾಗಿ ನೋಡದೇ ಒಂದು ಬಾಟಲಿ ಎತ್ತಿ ಕೊಟ್ಟರು.

ಹೊಡೆಯುವ ಮುಂಚೆ ಸುಮ್ನೆ ಅಂತ ಅಣ್ಣನ ಮಗಳಿಗೆ ಫೋಟೊ ಕಳಿಸಿದೆ. ಅವಳು ಓದಿದ್ದು ಕೃಷಿ.

"ಚಿಕ್ಕಪ್ಪ, ಮೇಲಿಂದ ತೆಗೆದ್ರೆ ಏನೂ ಗೊತ್ತಾಗಲ್ಲ. ಮಗುಚಿ ಹಾಕಿ, ಕಾಲು ಕಾಣೋ ಹಾಗೆ ತೆಗೀರಿ. ಪಕ್ಕದಲ್ಲಿ ಒಂದು ಭತ್ತದ ಕಾಳು ಇಡಿ, ಅಳತೆ ಗೊತ್ತಾಗ್ಲಿ."

ಕಡ್ಡಿಯಿಂದ ಮುಟ್ಟಿದೆ. ತಿಗಣೆ ಕೂತಲ್ಲೇ ಕೂತಿತ್ತು, ದೊಡ್ಡದು ಮಾತ್ರ ಸರಸರ ಓಡಿತು. ಅಲ್ಲೇ ನನಗೆ ಅನುಮಾನ ಬಂತು. ಉಪ್ಪಿನಕಾಯಿ ಬಾಟಲಿಗೆ ತಿಗಣೆ ಇರುವ ಕುಡಿ ಸಮೇತ ನಾಲ್ಕು ಹುಳ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ತಾರೀಖು ಬರೆದಿಟ್ಟೆ. ಮಾರನೇ ದಿನ ಭೂತಗನ್ನಡಿ ಹಿಡಿದು ನೋಡಿದರೆ ಒಂದು ಹುಳ ತಿಗಣೆಯ ಮೊಟ್ಟೆ ಗೂಡಿನೊಳಗೆ ತಲೆ ತೂರಿಸಿ ತಿನ್ನುತ್ತಾ ಇದೆ, ಹತ್ತಿಯಂಥ ಗೂಡು ಅಲ್ಲಾಡುತ್ತಾ ಇದೆ! ಹದಿನೈದು ದಿನ ಕಳೆದ ಮೇಲೆ ಬಾಟಲಿಯಲ್ಲಿ ಸಣ್ಣ ಕಪ್ಪು ಜೀರುಂಡೆ, ತಲೆ ಮತ್ತು ಹಿಂಬದಿ ಕಿತ್ತಳೆ ಬಣ್ಣ. ಗುಲಗಂಜಿ ಹುಳದ ಜಾತಿಯದೇ, ಹೆಸರು ಕ್ರಿಪ್ಟೊಲೀಮಸ್. ಕಾಫಿ ಗಿಡದ ಕೀಟ ತಿನ್ನಲಿ ಅಂತ 1898ರಲ್ಲೇ ಇದನ್ನು ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತಂದಿದ್ದರಂತೆ. ನಾನು ಕೊಲ್ಲಲು ಹೊರಟಿದ್ದು ಇದನ್ನೇ, ಅದೂ ದುಡ್ಡು ಕೊಟ್ಟು.

ನಿಂಬೆಯಲ್ಲೂ ಹಿಂದೆ ಹೀಗೇ ಮೋಸ ಹೋಗಿದ್ದೆ. ಎಲೆ ಮೇಲೆ ಹಕ್ಕಿ ಹಿಕ್ಕೆ ಅಂತ ಬಿಟ್ಟಿದ್ದು ಚಿಟ್ಟೆಯ ಮರಿಹುಳ. ದೊಡ್ಡದಾಗಿ ಹಸಿರಾದ ಮೇಲೆ ಮುಟ್ಟಿದರೆ ತಲೆ ಹಿಂದಿನಿಂದ ಕವಲು ಕೊಂಬು ಚಾಚಿ ನಾತ ಬಿಡುತ್ತದೆ. ಒಂದು ಸಲ ಮುಟ್ಟಿದರೆ ಸಾಕು, ಮತ್ತೆ ಮರೆಯಲ್ಲ.

ಪೇರಲೆಗೆ ಔಷಧಿ ಹೊಡೆಯಲಿಲ್ಲ. ತಿಗಣೆ ಜಾಸ್ತಿ ಇದ್ದ ಕುಡಿಗಳನ್ನು ಕತ್ತರಿಸಿದೆ, ಆದರೆ ಸುಡದೇ ಬುಡದಲ್ಲೇ ಹಾಕಿದೆ, ಅದರಲ್ಲಿದ್ದ ಗುಲಗಂಜಿ ಮರಿಗಳು ಮರಳಿ ಮರ ಹತ್ತಲಿ ಅಂತ. ಇರುವೆಗಳದ್ದೇ ಕಾಟ. ತಿಗಣೆ ಬಿಡುವ ಸಿಹಿ ಅಂಟಿನ ಆಸೆಗೆ ಅವು ಕಾವಲು ನಿಂತು ಈ ಹುಳಗಳನ್ನು ಓಡಿಸುತ್ತವೆ. ಮರಿಗಳೆಲ್ಲ ಹತ್ತಿದ ಮೇಲೆ ಕಾಂಡಕ್ಕೆ ಬಟ್ಟೆ ಸುತ್ತಿ ಗ್ರೀಸ್ ಬಳಿದೆ.