ಕಾಫಿ ಗಿಡದ ಕೆಳಗೆ ಸಿಕ್ಕ ಕಡಂಗ

“ಅದು ಹಳೇ ಆನೆ ಕಂದಕ ಮಾರಾಯ, ಸುಮ್ನೆ ದುಡ್ಡು ಸುಡಬೇಡ” ಅಂತ ಪಕ್ಕದ ತೋಟದವರು ನಕ್ಕಿದ್ದರು. ಈಗ ಅವರೇ ನೆಂಟರನ್ನು ಕರೆತಂದು ತೋರಿಸುತ್ತಾರೆ.

ಕೊಡಗಿನ ವಿರಾಜಪೇಟೆ ಕಡೆಯವರಿಗೆ ಕಡಂಗ, ಅಂದರೆ ಹಿಂದಿನವರು ಕಾವಲಿಗೆ ತೋಡಿದ ಯುದ್ಧದ ಕಂದಕ, ಹೊಸದಲ್ಲ, ಒಂದು ಊರಿಗೇ ಆ ಹೆಸರಿದೆ. ನಮ್ಮ ಕಾಫಿ ತೋಟದ ಬಾಣೆಯಲ್ಲಿ (ಗುಡ್ಡದ ಜಮೀನಿನಲ್ಲಿ) ಕಣ್ಣಿಗೆ ಕಾಣುತ್ತಿದ್ದದ್ದು ಇನ್ನೂರು ಅಡಿ ತುಂಡು ಮಾತ್ರ. ಉಳಿದದ್ದು ಎಲ್ಲಿ ಹೋಯಿತು?

ಮೊದಲು ಪುಕ್ಕಟೆ ಉಪಗ್ರಹದ ಎತ್ತರ ನಕ್ಷೆ ನೋಡಿದೆ. 30 ಮೀಟರಿನ ಚೌಕದಲ್ಲಿ ಹತ್ತಡಿ ಕಂದಕ ಕಾಣುವುದುಂಟೇ! ಆಮೇಲೆ ಅಕ್ಟೋಬರಿನಲ್ಲಿ ಬಾಡಿಗೆ ಲೈಡಾರ್ ಡ್ರೋನ್ ಹಾರಿಸಿದೆ, ಲೇಸರ್ ಬಿಟ್ಟು ನೆಲದ ಏರಿಳಿತ ಅಳೆಯುವಂಥದ್ದು. ಅರವತ್ತು ಎಕರೆಗೆ ಸುಮಾರು 45 ಸಾವಿರ. ಮಳೆ ಕುಡಿದ ಸೊಪ್ಪು, ಸಿಲ್ವರ್ ಓಕ್ ಮರ, ಮೆಣಸಿನ ಬಳ್ಳಿ, ರೊಬಸ್ಟಾ ಕಾಫಿ. ಲೇಸರ್ ನೆಲ ಮುಟ್ಟಿದ್ದೇ ಅಪರೂಪ. ಹಾರಿಸಿದವರು ರೊಬಸ್ಟಾ ತಲೆಯನ್ನೇ ನೆಲ ಅಂತ ಕೊಟ್ಟರು. ಬೆಟ್ಟಕ್ಕೆಲ್ಲ ಸಿಡುಬು ಎದ್ದ ಹಾಗಿತ್ತು.

ಎರಡನೇ ಸಲ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವ ಕೆಲಸ) ಮುಗಿದ ವಾರವೇ ಹಾರಿಸಿದೆ, ಏಪ್ರಿಲ್ ಕೊನೆಗೆ. ಚೌಕಾಸಿ ಮಾಡಿ 38 ಸಾವಿರಕ್ಕೆ ಇಳಿಸಿದೆ. ಲೇಸರ್ ತಾಗಿದ ಕಚ್ಚಾ ಪಾಯಿಂಟ್‌ಗಳನ್ನೇ ಕೇಳಿ ಪಡೆದು ಕ್ಲೌಡ್‌ಕಂಪೇರ್ ಅನ್ನೋ ತಂತ್ರಾಂಶದಲ್ಲಿ ನಾನೇ ಸೋಸಿದೆ. ಅದರಲ್ಲಿ ಸಿಎಸ್‌ಎಫ್ ಅನ್ನೋ ಸೋಸುವ ವಿಧಾನ ಇದೆ; ಪಾಯಿಂಟ್‌ಗಳನ್ನು ತಲೆಕೆಳಗು ಮಾಡಿ ಮೇಲೆ ಕಾಲ್ಪನಿಕ ಬಟ್ಟೆ ಹೊದಿಸಿ ನೆಲ ಬೇರ್ಪಡಿಸುತ್ತದೆ. ಅದರಲ್ಲಿ ಕಡಿದಾದ ಇಳಿಜಾರಿನ ಆಯ್ಕೆ ಇಡದಿದ್ದರೆ ಕಂದಕದ ದಿಬ್ಬವೇ ಸವೆದುಹೋಗುತ್ತದೆ. ಆ ಬಟ್ಟೆಯ ಕಣ್ಣಿನ ಅಳತೆ ಮಾತ್ರ ಕೇಳಬೇಡಿ, ಹದಿನೇಳು ಸಲ ಬದಲಿಸಿ ಕಂಡುಕೊಂಡಿದ್ದು. ಒಂದೇ ಕಡೆಯಿಂದ ಬೆಳಕು ಬಿಟ್ಟು ನೆರಳು ಮೂಡಿಸುವ ಹಿಲ್‌ಶೇಡ್ ನಕ್ಷೆ ಕೂಡ ಮೋಸ ಮಾಡಿತು. ಬೆಳಕು ವಾಯವ್ಯದಿಂದ, ಕಂದಕವೂ ಅದೇ ದಿಕ್ಕಿಗೆ, ಹಾಗಾಗಿ ಅರ್ಧ ಮಾಯ. ಪ್ರತಿ ಜಾಗಕ್ಕೂ ಎಷ್ಟು ಆಕಾಶ ಕಾಣುತ್ತದೆ ಅಂತ ಲೆಕ್ಕ ಹಾಕುವ ಸ್ಕೈ ವ್ಯೂ ಫ್ಯಾಕ್ಟರ್ ಹಾಕಿದಾಗ ಕಪ್ಪು ದಾರದ ಹಾಗೆ ಎದ್ದು ಬಂತು.

ಒಂದಲ್ಲ, ಹತ್ತಾರು ದಾರ! ಅಸಲಿ ಕೆಲಸ ಶುರುವಾದದ್ದೇ ಅಲ್ಲಿ. ತೊಟ್ಟಿಲು ಗುಂಡಿಗಳು (ಮಳೆ ನೀರು ಇಂಗಿಸಲು ತೋಟದಲ್ಲಿ ತೋಡುವ ಗುಂಡಿ) ತುಂಡು ತುಂಡಾಗಿ ಸಮಮಟ್ಟದಲ್ಲಿ ಸಾಗುತ್ತವೆ. ಗಾಡಿ ದಾರಿ ಏರು ತಪ್ಪಿಸಿಕೊಂಡು ಬಳಸುತ್ತದೆ. ಆನೆ ಕಂದಕ ಕಾಡಂಚು ಹಿಡಿಯುತ್ತದೆ, ಅಂಚೂ ಚೂಪು. ಕಡಂಗಕ್ಕೆ ಇಳಿಜಾರಿನ ಹಂಗಿಲ್ಲ. ನೆಟ್ಟಗೆ ಏರಿ, ನೆತ್ತಿ ದಾಟಿ, ತೋಡಿಗೆ ಇಳಿಯುತ್ತದೆ. ತೆಗೆದ ಮಣ್ಣೆಲ್ಲ ಒಂದೇ ಬದಿಗೆ. ಹಾಗೆ ಜರಡಿ ಹಿಡಿದ ಮೇಲೆ ಉಳಿದದ್ದು ಒಂದೇ ಗೆರೆ, ಹತ್ತಿರ ಹತ್ತಿರ ಒಂದೂಕಾಲು ಕಿಲೋಮೀಟರ್.

ಗೆರೆಯಲ್ಲಿ ಒಂದು ಕಡೆ ಬಾಯಿ ತೆರೆದಿತ್ತು. ಉಕ್ಕಡ (ಹಳೇ ಕಾವಲು ಬಾಗಿಲು) ಸಿಕ್ಕಿತು ಅಂತ ಊರೆಲ್ಲ ಹೇಳಿಕೊಂಡು ಬಂದೆ. ಮೊದಲ ಮಳೆಗೆ ಜಿಗಣೆ ಕಚ್ಚಿಸಿಕೊಂಡು ಹೋಗಿ ನೋಡಿದರೆ, ನಮ್ಮಜ್ಜ ಮರದ ಲಾರಿ ತರಲು ಒಡೆಸಿದ್ದ ಜಾಗ!

ಅಲ್ಲೇ ಸುಮ್ನೆ ಕಬ್ಬಿಣದ ಸರಳು ಚುಚ್ಚಿ ನೋಡಿದೆ. ಕಂದಕದ ತಳದಲ್ಲಿ ನಾಲ್ಕಡಿ ಸಲೀಸಾಗಿ ಇಳಿಯಿತು, ಪಕ್ಕದಲ್ಲಿ ಒಂದಡಿಗೇ ನಿಂತಿತು. ಅಷ್ಟು ಹೂಳು ತುಂಬಿದೆ. ಮಾರ್ಚ್ ಬಿಸಿಲಲ್ಲೂ ಆ ಸಾಲಿನ ರೊಬಸ್ಟಾ ಬಾಡದಿರುವುದು ಇದಕ್ಕೇ ಇರಬೇಕು, ಅಲ್ವಾ?

ಗೆರೆ ಬೇಲಿ ದಾಟಿ ಪಕ್ಕದವರ ತೋಟಕ್ಕೇ ನುಗ್ಗಿದೆ. ಅವರ ಮರಗಸಿ ಮುಗಿಯಲಿ ಅಂತ ಕಾಯುತ್ತಿದ್ದೇನೆ. ಈ ಸಲ ಅರ್ಧ ಖರ್ಚು ಅವರದು.